ನಿಮಗಿದು ಗೊತ್ತೆ? ಒಣ ಧಗೆ, ಒದ್ದೆ ಸೆಕೆ
ಬೆಂಗಳೂರಿನ ದಾಖಲೆಯ ಗರಿಷ್ಠ ಉಷ್ಣಾಂಶ 39.2 ಡಿಗ್ರಿ ಸೆಲ್ಸಿಯಸ್, 2016ರ ಏಪ್ರಿಲ್‌ನದು. 2024ರ ಏಪ್ರಿಲ್ ಇನ್ನೂ ವಿಚಿತ್ರ: ಉಷ್ಣಾಂಶ 38 ದಾಟಿದರೂ ಎಂದಿನ ಸಂಜೆಮಳೆ ನಗರಕ್ಕೆ ಬರಲೇ ಇಲ್ಲ. ಆದರೂ ಮಂಗಳೂರಿನ 34 ಡಿಗ್ರಿಯಲ್ಲಿ ಅಂಟುವಂತೆ ಬೆಂಗಳೂರಿನ ವಿಜಯನಗರದಲ್ಲಿ ಅಂಗಿ ಮೈಗೆ ಅಂಟುವುದಿಲ್ಲ. ಒಣಗಾಳಿಯಲ್ಲಿ ಬೆವರು ಬೇಗ ಆರುತ್ತದೆ. ಆರುವಾಗ ಮೈಯ ಶಾಖವನ್ನೂ ಹೊತ್ತೊಯ್ಯುತ್ತದೆ. ರಾಜಾಜಿನಗರದ ಅಡುಗೆಮನೆಯ ಮಣ್ಣಿನ ಹೂಜಿ ನೀರನ್ನು ತಣ್ಣಗಿಡುವುದೂ ಹೀಗೆಯೇ: ಹೊರಮೈಗೆ ಜಿನುಗಿದ ತೇವ ಆವಿಯಾಗುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಹೂಜಿಯ ಆಟ ಅಷ್ಟಾಗಿ ನಡೆಯದು, ನೀರು ತುಂಬಿಸುವ ಕೂಲರ್‌ನದೂ ಅಷ್ಟೆ. ಒಣ ಧಗೆಯ ಅಪಾಯವೇ ಬೇರೆ: ಬೆವರಿದ್ದು ಗೊತ್ತಾಗದೆಯೇ ಮೈಯ ನೀರು ಖಾಲಿಯಾಗುತ್ತದೆ. ಬಾಯಾರುವ ಮುನ್ನವೇ ಮಜ್ಜಿಗೆಯೋ ಪಾನಕವೋ ಕುಡಿಯಿರಿ. ಕೆಂಗೇರಿಯಲ್ಲಿ ಬಿಸಿಲಿಗೆ ಬಸ್ಸು ಕಾಯುವ ಹಿರಿಯರಿಗಂತೂ ಇದು ಬೇಕೇ ಬೇಕು.