ಸುಣ್ಣದ ಗಣಿಯೊಳಗೊಂದು ಊರು

ಲಂಡನ್ನಿನ ಆಗ್ನೇಯಕ್ಕೆ, ಕೆಂಟ್ ಸೀಮೆಯ ಹಾದಿಯಲ್ಲಿ ಚಿಸಲ್‌ಹರ್ಸ್ಟ್ ಎಂಬ ಊರಿದೆ. ಓಕ್, ಬರ್ಚ್ ಮರಗಳ ಕಾಡು, ನಡುವೆ ನಮ್ಮ ಗೋಮಾಳಗಳಂತೆ ಊರಿಗೆಲ್ಲ ಸೇರಿದ ಬಯಲು. ಜಲ್ಲಿ, ಮರಳಿಗಾಗಿ ಬಗೆಯುತ್ತಿದ್ದ ಈ ಬಯಲನ್ನು 1888ರಲ್ಲೇ ಕಾಯಿದೆ ತಂದು ಉಳಿಸಿಕೊಂಡರು. ಈ ನೆಲದಡಿ, ಸುಮಾರು 30 ಮೀಟರ್ ಆಳದಲ್ಲಿ, 35 ಕಿಲೋಮೀಟರ್‌ನಷ್ಟು ಸುರಂಗಗಳು ಹೆಣೆದುಕೊಂಡಿವೆ. ಎರಡನೇ ಮಹಾಯುದ್ಧದಲ್ಲಿ ಒಂದೊಂದು ರಾತ್ರಿ 15 ಸಾವಿರದವರೆಗೆ ಜನ ಇಲ್ಲಿ ಜೀವ ಉಳಿಸಿಕೊಂಡರು.

ಯುದ್ಧಕ್ಕೆಂದು ಇದನ್ನು ಯಾರೂ ತೋಡಿದ್ದಲ್ಲ. 13ನೇ ಶತಮಾನದಿಂದ 1830ರ ದಶಕದವರೆಗೂ ಕೂಲಿಗಳು ಹಾರೆ ಹಿಡಿದು ಸೀಮೆಸುಣ್ಣದ ಬಂಡೆಯನ್ನು ಕೊರೆದರು. ಭಟ್ಟಿಯಲ್ಲಿ ಬೆಂದ ಸುಣ್ಣ ಗೋಡೆ ಕಟ್ಟಲು ಹೋಯಿತು, ಜತೆಗೆ ಸಿಕ್ಕ ಚಕಮಕಿ ಕಲ್ಲು ಬಂದೂಕಿಗೆ. ಚಾವಣಿ ಕುಸಿಯದಿರಲೆಂದು ನಡುನಡುವೆ ದಪ್ಪ ಕಂಬಗಳನ್ನು ಹಾಗೇ ಬಿಟ್ಟರು. ಮೊದಲ ಮಹಾಯುದ್ಧದಲ್ಲಿ ವೂಲಿಚ್ ಶಸ್ತ್ರಾಗಾರದ ಸ್ಫೋಟಕಗಳಿಗೆ ಇದೇ ಉಗ್ರಾಣ. ಆಮೇಲೆ ವರ್ಷವಿಡೀ 10 ಡಿಗ್ರಿಯ ಆಸುಪಾಸಿನಲ್ಲೇ ಇರುವ ತಂಪಿನಲ್ಲಿ ಅಣಬೆ ಬೆಳೆದರು.

ಮತ್ತೊಂದು ಯುದ್ಧ ಹತ್ತಿರವಾದಾಗ, ಜನರನ್ನು ಎಷ್ಟು ಆಳದಲ್ಲಿ ಕಾಯಬೇಕೆಂಬ ವಾದ ಬ್ರಿಟನ್ನಿನಲ್ಲಿ ಎದ್ದಿತು. ಸ್ಪೇನ್‌ನ ಬಾಂಬ್ ದಾಳಿಗಳನ್ನು ಕಂಡು ಬಂದಿದ್ದ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಆಳದ ಸುರಂಗಗಳೇ ಬೇಕೆಂದರು. ಮುಂದೆ ಭಾರತದ ಪೌರತ್ವ ಪಡೆದು ಭುವನೇಶ್ವರದಲ್ಲಿ ಕೊನೆಯುಸಿರೆಳೆದವರು ಇವರೇ. ಎದುರಿಗಿದ್ದವರೂ ಭಾರತಕ್ಕೆ ಹೊಸಬರಲ್ಲ. ನಾಗರಿಕ ರಕ್ಷಣೆಯ ಹೊಣೆ ಹೊತ್ತಿದ್ದ ಸರ್ ಜಾನ್ ಆಂಡರ್ಸನ್ ಬಂಗಾಳದ ಗವರ್ನರ್ ಆಗಿದ್ದವರು. ಆಳದ ಆಶ್ರಯ ಬೇಡವೆಂದು 1939ರಲ್ಲಿ ಸಲಹೆ ಕೊಟ್ಟ ಸಮಿತಿಯ ಮುಖ್ಯಸ್ಥ ಲಾರ್ಡ್ ಹೇಲಿ ಪಂಜಾಬನ್ನು ಆಳಿದ್ದವರು. ಖರ್ಚು, ಸಮಯ, ಸಾಮಗ್ರಿ ಸಾಲದೆಂಬುದು ಒಂದು ಕಾರಣ. ಒಮ್ಮೆ ಕೆಳಗಿಳಿದ ಜನ ಮತ್ತೆ ಮೇಲೆ ಬಂದು ಕಾರ್ಖಾನೆಗೆ ಹೋಗಲಾರರು ಎಂಬ ಭಯ ಇನ್ನೊಂದು. ಹಾಗಾಗಿ ಮನೆಮನೆಗೆ ಹಂಚಿಕೆಯಾದದ್ದು ಹಿತ್ತಲಲ್ಲಿ ಅರ್ಧ ಹೂತು ಮಣ್ಣು ಮುಚ್ಚುವ, ಆರು ಜನ ಹಿಡಿಸುವ ತಗಡಿನ ಗೂಡು. ಹಿತ್ತಲೇ ಇಲ್ಲದ ಬಡವರ ಬೀದಿಗಳಿಗೆ ಅದರಿಂದ ಏನು ಪ್ರಯೋಜನ?

1940ರ ಆಗಸ್ಟ್ 30ರಂದು ಚಿಸಲ್‌ಹರ್ಸ್ಟ್‌ಗೆ ಹೆಚ್ಚು ದೂರವಿಲ್ಲದ ಬಿಗ್ಗಿನ್ ಹಿಲ್ ವಾಯುನೆಲೆಯ ಮೇಲೆ ಬಾಂಬ್ ಬಿತ್ತು. ಸತ್ತವರು 39 ಜನ. ಅವರಲ್ಲಿ ಹಲವರು ಆಶ್ರಯ ಕಂದಕದೊಳಗೇ ಇದ್ದವರು. ಸೆಪ್ಟೆಂಬರ್ 7ರಿಂದ ಲಂಡನ್ನಿನ ಮೇಲೆ ರಾತ್ರಿ ದಾಳಿ ಶುರುವಾಯಿತು. ಹಾಸಿಗೆ, ಮಕ್ಕಳು, ಪಾತ್ರೆ ಹೊತ್ತುಕೊಂಡು ಜನ ರೈಲು, ಲಾರಿ ಹಿಡಿದು ಚಿಸಲ್‌ಹರ್ಸ್ಟ್ ಸುರಂಗಗಳಿಗೆ ಬಂದರು. ನಗರದ ಮೇಲೆ ನಂಬಿಕೆ ಹೋದಾಗ ಅವರನ್ನು ಒಳಗೆ ಕರೆದುಕೊಂಡದ್ದು ಹಳ್ಳಿಯ ನೆಲ.

ಮೊದಲು ಕತ್ತಲೆಯಲ್ಲಿ ಮೇಣದಬತ್ತಿಯೇ ಗತಿ. ನೋಡನೋಡುತ್ತಲೇ ಅದು ಊರಾಯಿತು. ವಿದ್ಯುತ್ ದೀಪ ಬಂತು. ಆಸ್ಪತ್ರೆ, ಪ್ರಾರ್ಥನಾ ಮಂದಿರ, ಕ್ಯಾಂಟೀನು, ಕ್ಷೌರದಂಗಡಿ, ಸಿನಿಮಾ ಬಂದವು. ರಾತ್ರಿಯೊಂದಕ್ಕೆ ದೊಡ್ಡವರಿಗೆ ಒಂದು ಪೆನ್ನಿ, ಮಕ್ಕಳಿಗೆ ಅರ್ಧ ಪೆನ್ನಿ. ಗದ್ದಲ, ಕೊಳಕು, ಜಾಗದ ಜಗಳಕ್ಕೆ ಎಡೆಯಾಗದಂತೆ ಕಟ್ಟುಪಾಡುಗಳಿದ್ದವು. ಒಂದು ಹೆಣ್ಣುಮಗುವಿನ ಜನನವೂ ಇಲ್ಲೇ ಆಯಿತು. ಬೆಳಗಾಗುತ್ತಲೇ ದುಡಿಯುವವರು ಮೇಲೆ ಹತ್ತಿ, ರೈಲು ಹಿಡಿದು ಕೆಲಸಕ್ಕೆ ಹೋಗುತ್ತಿದ್ದರು.

ಸರ್ಕಾರ ಅಂಜಿದ್ದು ಹುಸಿಯೆಂದು ಈ ದಿನಚರಿಯೇ ತೋರಿಸಿತು. ಲಂಡನ್ನಿನೊಳಗೂ ಜನ ತಡೆ ಮೀರಿ ಪಾತಾಳ ರೈಲು ನಿಲ್ದಾಣಗಳಿಗೆ ಇಳಿದಿದ್ದರು. 1940ರ ನವೆಂಬರ್‌ನಲ್ಲಿ ಆಂಡರ್ಸನ್ ಜಾಗಕ್ಕೆ ಬಂದಿದ್ದ ಹರ್ಬರ್ಟ್ ಮಾರಿಸನ್ ಆಳದ ಸುರಂಗ ತೋಡಿಸುವುದಾಗಿ ಘೋಷಿಸಿದರು. ತಲಾ ಎಂಟು ಸಾವಿರ ಜನರಿಗೆಂದು ಎಂಟು ಆಶ್ರಯಗಳು ಸಿದ್ಧವಾದವು. ಅವುಗಳಲ್ಲಿ ಐದರ ಬಾಗಿಲು ಸಾರ್ವಜನಿಕರಿಗೆ ತೆರೆದದ್ದು 1944ರಲ್ಲಿ, ಹಾರುಬಾಂಬುಗಳು ಕೆಂಟ್ ದಾಟಿ ಬರತೊಡಗಿದ ಮೇಲೆ. ಅಷ್ಟರಲ್ಲಿ ಚಿಸಲ್‌ಹರ್ಸ್ಟ್ ನಾಲ್ಕು ಚಳಿಗಾಲ ಕಳೆದಿತ್ತು.

1945ರ ಮೇನಲ್ಲಿ ಯುರೋಪಿನ ಯುದ್ಧ ಮುಗಿದು, ಸ್ವಲ್ಪ ದಿನಕ್ಕೆ ಆಶ್ರಯವೂ ಮುಚ್ಚಿತು. ಈಗ ಪ್ರವಾಸಿಗರು ಲಾಂದ್ರ ಹಿಡಿದು ಒಳಗೆ ನಡೆಯುತ್ತಾರೆ. 2022ರಲ್ಲಿ ಕೀವ್ ನಗರದ ಜನವೂ ಮಕ್ಕಳನ್ನೆತ್ತಿಕೊಂಡು ಮೆಟ್ರೋ ಸುರಂಗಕ್ಕೆ ಇಳಿಯಬೇಕಾಯಿತು. ಹಾಲ್ಡೇನ್ ಎತ್ತಿದ ಪ್ರಶ್ನೆ ಹಳತಾಗಿಲ್ಲ. ಜೀವಭಯದಲ್ಲಿರುವ ಸಾಮಾನ್ಯರು ಹೇಡಿಗಳಲ್ಲ, ಗುಂಪುಗೂಡಿದ ಮಾತ್ರಕ್ಕೆ ಕೆಡುವವರೂ ಅಲ್ಲ. ಭದ್ರವಾದ ಜಾಗ ಕೊಟ್ಟರೆ ಅವರೇ ಊರು ಕಟ್ಟುತ್ತಾರೆ, ದುಡಿಮೆಗೂ ಹೋಗುತ್ತಾರೆ. ರಕ್ಷಣೆಯ ಯೋಜನೆ ಬರೆಯುವವರು ಜನರ ಮೇಲಿನ ಈ ನಂಬಿಕೆಯಿಂದಲೇ ಬರೆಯತೊಡಗಬೇಕು.