ಹಳೇ ಅಡುಗೆಮನೆಗೆ ಮೂರನೇ ತಂತಿ

ನಮ್ಮ ಭದ್ರಾವತಿಯ ಹೊಸಮನೆ ಹೆಸರಿಗಷ್ಟೇ ಹೊಸಮನೆ. ನಾವಿರೋದು ಹೆಂಚಿನ ಮಾಡು, ಮಣ್ಣಿನ ಗೋಡೆಯ ಹಳೇ ಮನೆಯಲ್ಲಿ. ಕರೆಂಟು ಬಂದ ಕಾಲಕ್ಕೆ ಅಡುಗೆಮನೆಗೆ ಬೇಕಾಗಿದ್ದದ್ದು ಒಂದು ಬಲ್ಬು. ಗೋಡೆಗೆ ಮರದ ಪಟ್ಟಿ ಹೊಡೆದು, ಅದರ ಮೇಲೆ ಎರಡೆಳೆ ವೈರು ಎಳೆದು ಹೋಗಿದ್ದರು. ಅದೇ ವೈರಿಗೆ ಆಮೇಲೆ ಮಿಕ್ಸಿ ಬಂತು, ಗ್ರೈಂಡರ್ ಬಂತು, ಫ್ರಿಜ್ಜು ಬಂತು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಇಂಡಕ್ಷನ್ ಒಲೆಯೂ ಸೇರಿಕೊಂಡಿತು. ವೈರು ಮಾತ್ರ ಬಲ್ಬಿನ ಕಾಲದ್ದೇ.

ಕಳೆದ ಬೇಸಿಗೆಯಲ್ಲಿ ಅದನ್ನೆಲ್ಲ ಕಿತ್ತು ಹೊಸದಾಗಿ ಮಾಡಿಸಿದೆವು. ಅರ್ಧ ಕ್ವಿಂಟಲ್ ಅಡಿಕೆಯ ದುಡ್ಡಿನೊಳಗೆ ಕೆಲಸ ಮುಗಿಯಿತು. ಇಂಥ ಮನೆ ಇರುವವರಿಗೆ ಉಪಯೋಗವಾದೀತು ಅಂತ ವಿವರ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ವ್ಯಾಟನ್ನು 230ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಆಂಪಿಯರ್ ಸಿಗುತ್ತದೆ. 750 ವ್ಯಾಟಿನ ಮಿಕ್ಸಿ 3 ಆಂಪಿಯರಿಗೂ ಸ್ವಲ್ಪ ಹೆಚ್ಚು, 2000 ವ್ಯಾಟಿನ ಇಂಡಕ್ಷನ್ ಒಲೆ ಸುಮಾರು 9. ಸಣ್ಣ ಪ್ಲಗ್ಗು ತಡೆಯೋದು 6. ಅದಕ್ಕೆ ಒಲೆ ಚುಚ್ಚಲು ಅಂಗಡಿಯಿಂದ ಜೋಡುಪ್ಲಗ್ಗು ತರುವುದೆಂದರೆ ಬೆಂಕಿಗೆ ದಾರಿ ಮಾಡಿಕೊಟ್ಟ ಹಾಗೆ. ಫ್ಯೂಸು ಪದೇಪದೇ ಹೋಗುತ್ತದೆ ಅಂತ ದಪ್ಪ ತಂತಿ ಕಟ್ಟುವುದೂ ಅದೇ ಜಾತಿ. ಫ್ಯೂಸು ಉಳಿಯುತ್ತದೆ, ಸುಡೋದು ವೈರು.

ವೈರಿಂಗಿಗೆ ಐಎಸ್ 732 ಎಂಬ ಭಾರತೀಯ ಮಾನಕ ಇದೆ. ದೀಪದ ಲೈನು ಬೇರೆ, ಪವರ್ ಪ್ಲಗ್ಗಿನ ಲೈನು ಬೇರೆ ಇರಬೇಕು ಎಂಬುದು ಅದರ ಮುಖ್ಯ ಮಾತುಗಳಲ್ಲೊಂದು. ನಾವು ದೀಪಕ್ಕೆ 1.5 ಚದರ ಮಿ.ಮೀ. ತಾಮ್ರದ ವೈರು, ಮಿಕ್ಸಿ-ಫ್ರಿಜ್ಜಿಗೆ 2.5, ಇಂಡಕ್ಷನ್ನಿಗೆ ಪ್ರತ್ಯೇಕವಾಗಿ 4 ಹಾಕಿಸಿದೆವು. ಒಂದೊಂದು ಲೈನಿಗೂ ಒಂದೊಂದು ಎಂಸಿಬಿ. ಮಣ್ಣಿನ ಗೋಡೆ ಕೊರೆಯುವ ಉಸಾಬರಿಗೆ ಹೋಗಲಿಲ್ಲ, ಪಿವಿಸಿ ಪೈಪನ್ನು ಗೋಡೆಯ ಮೇಲೇ ಕೂರಿಸಿದ್ದಾಯಿತು. ನೋಡಲು ಚೆಂದ ಇಲ್ಲ, ಆದರೆ ಅಟ್ಟದ ಇಲಿಗೆ ವೈರು ಸಿಗೋದಿಲ್ಲ.

ಇಷ್ಟನ್ನು ಯಾರಾದರೂ ಮಾಡಿಕೊಡುತ್ತಾರೆ. ಜೀವದ ಪ್ರಶ್ನೆ ಇರೋದು ಮೂರನೇ ತಂತಿಯಲ್ಲಿ, ಅಂದರೆ ಅರ್ತಿನಲ್ಲಿ.

ನಮ್ಮಮ್ಮ ಗ್ರೈಂಡರ್ ಹಾಕುವಾಗ ಮಣೆ ಮೇಲೆ ನಿಲ್ಲೋರು. "ಬರಿಗಾಲಲ್ಲಿ ಮುಟ್ಟಿದ್ರೆ ಜುಂ ಅನ್ನುತ್ತೆ ಕಣೋ" ಅನ್ನೋರು. ಹವಾಯಿ ಚಪ್ಪಲಿ ಮೆಟ್ಟಿಕೊಂಡು ಫ್ರಿಜ್ಜಿನ ಬಾಗಿಲು ತೆಗೆಯುವ ಮನೆಗಳನ್ನೂ ನೋಡಿದ್ದೇನೆ. ಈ 'ಜುಂ' ಗ್ರೈಂಡರಿನ ಹುಟ್ಟುಗುಣ ಅಲ್ಲ. ಒಳಗಿನ ಕರೆಂಟು ಹೊರಮೈಗೆ ಬಂದು, ನೆಲಕ್ಕಿಳಿಯಲು ದಾರಿ ಕಾಯುತ್ತಿದೆ ಅಂತ ಅರ್ಥ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ನು ಇರೋದೇ ಆ ದಾರಿಗೆ. ನಮ್ಮ ಹಳೇ ಬೋರ್ಡು ಬಿಚ್ಚಿದರೆ ಆ ತೂತಿನ ಹಿಂದೆ ತಂತಿಯೇ ಇರಲಿಲ್ಲ!

ಎಂಸಿಬಿ ಇದೆಯಲ್ಲ ಅಂತ ನೀವು ಕೇಳಬಹುದು. ಎಂಸಿಬಿ ಕಾಯೋದು ವೈರನ್ನು, ಮನುಷ್ಯನನ್ನಲ್ಲ. ಒದ್ದೆ ಕೈ, ಬರಿಗಾಲಿನ ಮೈಯ ತಡೆ 1000 ಓಮ್ ಅಂತ ಇಟ್ಟುಕೊಂಡರೆ ಮೈಯೊಳಗೆ ಹರಿಯೋದು 0.23 ಆಂಪಿಯರ್. ಪ್ರಾಣ ಹೋಗಲು ಅದರ ಕಾಲು ಭಾಗ ಸಾಕಾದೀತು. 16 ಆಂಪಿಯರಿನ ಎಂಸಿಬಿಗೆ ಅದು ಗೊತ್ತೂ ಆಗೋದಿಲ್ಲ.

ಅರ್ತಿಗೆ ಬಚ್ಚಲ ನೀರು ಹರಿಯುವ ಬಾಳೆಯ ಹತ್ತಿರ, ತಳಪಾಯದಿಂದ 1.5 ಮೀಟರ್ ಆಚೆ ಗುಂಡಿ ತೆಗೆದು, 2.5 ಮೀಟರ್ ಉದ್ದದ ಜಿಐ ಪೈಪು ಇಳಿಸಿದೆವು. ಸುತ್ತ ಇದ್ದಿಲು, ಉಪ್ಪು. ಅರ್ತ್ ಒಂದೇ ಇದ್ದರೂ ಸಾಲದು. ನೆಲ ಒಣಗಿ ಗುಂಡಿಯ ತಡೆ 50 ಓಮ್ ಆಯಿತೆನ್ನಿ, ಸೋರಿದ ಕರೆಂಟು ಹರಿಯೋದು 4.6 ಆಂಪಿಯರ್ ಮಾತ್ರ. ಆಗಲೂ ಎಂಸಿಬಿ ಬೀಳೋದಿಲ್ಲ, ಗ್ರೈಂಡರಿನ ಮೈಯಲ್ಲಿ ಕರೆಂಟು ಹಾಗೇ ನಿಂತಿರುತ್ತದೆ.

ಅದಕ್ಕೇ ಆರ್‌ಸಿಸಿಬಿ ಬೇಕು. ಬೆಳಿಗ್ಗೆ ಮೇಯಲು ಬಿಟ್ಟ ದನಗಳನ್ನು ಸಂಜೆ ಎಣಿಸಿ ಕೊಟ್ಟಿಗೆಗೆ ಕಟ್ಟುತ್ತೇವಲ್ಲ, ಅದರ ಕೆಲಸವೂ ಅಷ್ಟೇ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಪೂರ್ತಿ ವಾಪಸ್ ಬಂತೇ ಅಂತ ನೋಡುತ್ತಿರುತ್ತದೆ. ಮನೆಗೆ ಹಾಕುವ 30 ಮಿಲಿಆಂಪಿಯರಿನದು, ಅಷ್ಟು ಕಡಿಮೆ ಬಿತ್ತೆಂದರೆ ಕಣ್ಣು ಮಿಟುಕಿಸುವುದರೊಳಗೆ ಲೈನು ಕಡಿಯುತ್ತದೆ. ಓವರ್‌ಲೋಡು ಅದಕ್ಕೆ ತಿಳಿಯೋದಿಲ್ಲ, ಹಾಗಾಗಿ ಎಂಸಿಬಿಯೂ ಇರಲೇಬೇಕು.

ಒಂದು ಮೋಸ ಗಮನಿಸಿ. ಗುಂಡಿ ತೆಗೆಯುವ ರಗಳೆ ತಪ್ಪಿಸಲು ಕೆಲವರು ಬೋರ್ಡಿನೊಳಗೆ ಅರ್ತಿನ ಪಿನ್ನನ್ನು ನ್ಯೂಟ್ರಲ್ಲಿಗೇ ಕಟ್ಟಿಬಿಡುತ್ತಾರೆ. ಮಳೆಗಾಲದಲ್ಲಿ ಕೊಂಬೆ ಬಿದ್ದು ಹೊರಗಿನ ನ್ಯೂಟ್ರಲ್ ತುಂಡಾಯಿತೋ, ಫ್ರಿಜ್ಜು, ಗ್ರೈಂಡರ್ ಎಲ್ಲದರ ಮೈಗೂ 230 ವೋಲ್ಟ್. ಬೋರ್ಡು ಮುಚ್ಚುವ ಮೊದಲು ನೀವೇ ನಿಂತು ನೋಡಿ.

ನಮ್ಮಲ್ಲಿ ಮೊದಲ ವಾರ ಆರ್‌ಸಿಸಿಬಿ ಬೀಳುತ್ತಲೇ ಇತ್ತು. "ತೆಗೆದು ಡೈರೆಕ್ಟ್ ಮಾಡಿಬಿಡಿ" ಅಂತ ಸಲಹೆ ಕೊಟ್ಟವರೂ ಇದ್ದರು. ಹುಡುಕಿದಾಗ ಜಗಲಿಯ ದೀಪಕ್ಕೆ ಯಾವ ಕಾಲದಲ್ಲೋ ಅಡುಗೆಮನೆಯ ನ್ಯೂಟ್ರಲ್ ಎರವಲು ತೆಗೆದಿದ್ದು ಸಿಕ್ಕಿತು. ಅದನ್ನು ಬಿಡಿಸಿದ ಮೇಲೆ ಸುಮ್ಮನಾಯಿತು. ಹಳೇ ಮನೆಗಳಲ್ಲಿ ಇದು ಸಾಮಾನ್ಯ. ಬೀಳುವುದು ಅದರ ತಪ್ಪಲ್ಲ, ಕಾರಣ ಹುಡುಕಬೇಕು.

ಕೆಲಸಕ್ಕೆ ಲೈಸೆನ್ಸ್ ಇರುವ ಗುತ್ತಿಗೆದಾರರನ್ನೇ ಕರೆಯಿರಿ. ಮೀಟರು, ಅದರಾಚೆಯ ಸರ್ವಿಸ್ ವೈರು ಮೆಸ್ಕಾಂ ಸುಪರ್ದಿ, ಸೀಲಿಗೆ ಕೈ ಹಾಕುವಂತಿಲ್ಲ. ಲೋಡು ಹೆಚ್ಚುವುದಿದ್ದರೆ ಮೊದಲೇ ಅರ್ಜಿ ಕೊಡಿ.

ಆರ್‌ಸಿಸಿಬಿಯಲ್ಲಿ 'ಟಿ' ಅಂತ ಪುಟ್ಟ ಗುಂಡಿ ಇರುತ್ತದೆ. ತಿಂಗಳ ಬಿಲ್ಲು ಬಂದ ದಿನ ನಾವು ಅದನ್ನು ಒತ್ತಿ ನೋಡುತ್ತೇವೆ. ಒತ್ತಿದಾಗ ಬೀಳದಿದ್ದರೆ ಆರ್‌ಸಿಸಿಬಿ ಬದಲಾಯಿಸಬೇಕು. ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕುತ್ತೇವೆ, ಬಾಳೆಗೂ ಆಯಿತು.