ಊಟ ಮರೆತ ಅಜ್ಜಿಗೆ ಭಜನೆ ನೆನಪಿರುವುದೇಕೆ?

ಪ್ರಶ್ನೆ: ನಮ್ಮಜ್ಜಿಗೆ ಮುಂಜಾನೆ ತಿಂದದ್ದು ನೆನಪಿಲ್ಲ, ಬಾಲ್ಯದ ಭಜನೆ ಮಾತ್ರ ಒಂದಕ್ಷರ ತಪ್ಪುವುದಿಲ್ಲ. ಯಾಕ್ರೀ?
– ಓದುಗರು, ಧಾರವಾಡ

ಉತ್ತರ: ನೆನಪುಗಳೆಲ್ಲ ಮಿದುಳಿನ ಒಂದೇ ಕಡೆ ಇರುವುದಿಲ್ಲ. ಇವತ್ತಿನ ಘಟನೆಯನ್ನು ಮೊದಲು ಹಿಡಿದಿಡಲು ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಬೇಕು. ಮುಪ್ಪಿನಲ್ಲಿ ಅದು ಸೊರಗುತ್ತದೆ. ವರ್ಷಗಟ್ಟಲೆ ಹಾಡಿದ್ದು ಮಿದುಳಿನ ಹೊರಪದರದಲ್ಲಿ ಬೇರೂರಿರುತ್ತದೆ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರಲ್ಲ, ಆ ಗುರುಮುಖದ ಪಾಠದ ಬಲವೂ ಇದೇ: ಕೇಳು, ಹಾಡು, ಮತ್ತೆ ಹಾಡು. ಬಿಡುವು ಕೊಟ್ಟು ಮತ್ತೆ ಮತ್ತೆ ಕಲಿತ ಪಾಠ ಹೆಚ್ಚು ಉಳಿಯುತ್ತದೆಂದು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದ. ನಮ್ಮ ಗಾಯಕರಿಗೆ ಇದು ರಿಯಾಜಿನಿಂದಲೇ ಗೊತ್ತಿತ್ತು ಎಂಬುದು ನನ್ನ ನಂಬಿಕೆ.

ಅಜ್ಜಿಯ ಮರೆವು ಈಚೆಗೆ ಹೆಚ್ಚಿದ್ದರೆ, ವಯಸ್ಸಾಯಿತೆಂದು ಸುಮ್ಮನಿರಬೇಡಿ. ನಿಮ್ಮೂರಲ್ಲೇ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ಇದೆ, ಒಮ್ಮೆ ತೋರಿಸಿ.